ಅಜ್ಜಿಯ ಹಾಸಿಗೆ ಪಕ್ಕ ಒಂದು ಉಲ್ಲನ್ ಉಂಡೆ: ಹೆಣಿಗೆಗೂ ಸಾವಿಗೂ ಇರುವ ಹಳೇ ನಂಟು

(ಈ ವಾರದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ. ವಿಡಿಯೊದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಭಾಗ ಇಲ್ಲಿ ಸೇರಿವೆ.)

ಇವತ್ತು ರಾಜರು, ಯುದ್ಧ, ಶಾಸನ ಎಲ್ಲ ಸ್ವಲ್ಪ ಪಕ್ಕಕ್ಕಿಟ್ಟು ಎರಡು ಕಡ್ಡಿ ಮತ್ತು ಒಂದು ಉಂಡೆ ಉಲ್ಲನ್ನಿನ ಚರಿತ್ರೆ ಮಾತಾಡೋಣ. ಇದು ಯಾಕೆ ಅಂತ ಮೊದಲೇ ಹೇಳಿಬಿಡ್ತೀನಿ.

ಮನೆಯಲ್ಲಿ ಹಿರಿಯ ಜೀವವೊಂದು ಹಾಸಿಗೆ ಹಿಡಿದಿದೆ ಅಂದ್ಕೊಳ್ಳಿ. ಡಾಕ್ಟರು "ಇನ್ನು ಮನೆಗೇ ಕರ್ಕೊಂಡು ಹೋಗಿ" ಅಂದಿದ್ದಾರೆ. ಮೊಮ್ಮಗಳು ಮುಂಬೈಯಿಂದಲೋ ಹೈದರಾಬಾದಿನಿಂದಲೋ ರಜೆ ಹಾಕಿ ಬಂದಿದ್ದಾಳೆ. ಅಜ್ಜಿಯ ಪಕ್ಕ ಕೂತು ಏನೋ ಹೆಣೀತಾ ಇದ್ದಾಳೆ. ಆಗ ಬಾಗಿಲ ಹತ್ತಿರ ನಿಂತ ನೆಂಟರಲ್ಲಿ ಒಬ್ಬರಾದರೂ ಹೇಳ್ತಾರೆ: "ಅಜ್ಜಿ ಹಾಗೆ ಮಲಗಿದ್ದಾರೆ, ಇವಳು ನೋಡಿದ್ರೆ ಸ್ವೆಟರ್ ಹೆಣೀತಾ ಕೂತಿದ್ದಾಳಲ್ಲ!" ಅದೇ ಕೋಣೆಯಲ್ಲಿ ನಾಲ್ಕು ಜನ ಮೊಬೈಲ್ ನೋಡ್ತಾ ಕೂತಿರ್ತಾರೆ. ಅವರನ್ನ ಯಾರೂ ಏನೂ ಅನ್ನಲ್ಲ.

ಸಾಯುವವರ ಪಕ್ಕ ಕೂತು ಕೈಕೆಲಸ ಮಾಡೋದು ಅಗೌರವವಾ? ಇದು ಹೊಸ ಪ್ರಶ್ನೆ ಅಲ್ಲ. ಚರಿತ್ರೆ ಇದಕ್ಕೆ ಕೊಡುವ ಉತ್ತರ ನಾವು ಅಂದುಕೊಂಡದ್ದಕ್ಕಿಂತ ಬೇರೆ ಇದೆ.

ಕಡ್ಡಿಯ ಮೇಲಿನ ಆರೋಪ

ಸಾವಿನ ಮುಂದೆ ಹೆಣಿಗೆ ಅಂದ ಕೂಡಲೇ ಇತಿಹಾಸ ಓದಿದವರಿಗೆ ನೆನಪಾಗೋದು ಫ್ರೆಂಚ್ ಕ್ರಾಂತಿಯ ಹೆಂಗಸರು. 'ತ್ರಿಕೋತೂಸ್', ಅಂದ್ರೆ ಹೆಣೆಯುವವರು. ಗಿಲೊಟಿನ್ ಕೆಳಗೆ ತಲೆಗಳು ಉರುಳ್ತಾ ಇವೆ, ಮುಂದಿನ ಸಾಲಲ್ಲಿ ಕೂತ ಹೆಂಗಸರು ಕಾಲುಚೀಲ ಹೆಣೀತಾ ನೋಡ್ತಾ ಇದ್ದಾರೆ. ಈ ಚಿತ್ರವನ್ನ ಲೋಕಕ್ಕೆಲ್ಲ ಅಂಟಿಸಿದ್ದು ಚಾರ್ಲ್ಸ್ ಡಿಕನ್ಸ್. 1859ರ 'ಎ ಟೇಲ್ ಆಫ್ ಟೂ ಸಿಟೀಸ್' ಕಾದಂಬರಿಯ ಮದಾಮ್ ಡಿಫಾರ್ಜ್, ಸಾಯಬೇಕಾದವರ ಹೆಸರನ್ನ ತನ್ನ ಹೆಣಿಗೆಯಲ್ಲೇ ಗುಟ್ಟಾಗಿ ಬರೆದಿಡ್ತಾಳೆ.

ನಿಜದಲ್ಲಿ ಈ ಹೆಂಗಸರು ಪ್ಯಾರಿಸ್ಸಿನ ಬಡ ಮನೆಗಳವರು. ರಾಜಕೀಯ ಸಭೆಗಳ ಗ್ಯಾಲರಿಯಲ್ಲಿ ಕೂತು ಚರ್ಚೆ ಕೇಳ್ತಿದ್ದರು, ಕೂಗಾಡ್ತಿದ್ದರು, ಕೈ ಖಾಲಿ ಬಿಡದೆ ಹೆಣೀತಿದ್ದರು. 1793ರ ಮೇ ತಿಂಗಳಲ್ಲಿ ಅವರನ್ನು ಆ ಗ್ಯಾಲರಿಗಳಿಂದ ಹೊರಗಿಟ್ಟರು. ಗಿಲೊಟಿನ್ ಪಕ್ಕದ ಆ ಚಿತ್ರವನ್ನ ಹೆಚ್ಚಾಗಿ ಬೆಳೆಸಿದ್ದು ಆಮೇಲೆ ಬರೆದವರು. ಆದ್ರೆ ಅಷ್ಟರಲ್ಲಿ ಒಂದು ಭಾವನೆ ಗಟ್ಟಿಯಾಗಿಬಿಟ್ಟಿತು: ಸಾವಿನ ಮುಂದೆ ಹೆಣೆಯುವವರು ಕಲ್ಲು ಮನಸ್ಸಿನವರು ಅಂತ.

ಹಾಗಾದ್ರೆ ಕಾದಂಬರಿ ಮುಚ್ಚಿಟ್ಟು, ನಿಜವಾಗಿ ಉಳಿದು ಬಂದಿರುವ ವಸ್ತುಗಳನ್ನ ಕೇಳೋಣ.

ಗೋರಿಯೊಳಗಿನ ದಿಂಬು

ಮೊದಲು ಒಂದು ಸಣ್ಣ ವಿವರ. ನೇಯ್ಗೆ ಬೇರೆ, ಹೆಣಿಗೆ ಬೇರೆ. ನೇಯ್ಗೆಯಲ್ಲಿ ಹಾಸು–ಹೊಕ್ಕು ಅಂತ ಎರಡು ದಿಕ್ಕಿನ ದಾರ, ಜೊತೆಗೆ ಮಗ್ಗ ಬೇಕು. ಹೆಣಿಗೆಯಲ್ಲಿ ಒಂದೇ ದಾರ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಪ್ರತಿ ಕುಣಿಕೆಯನ್ನ ಪಕ್ಕದ್ದು, ಮೇಲಿನದ್ದು ಹಿಡಿದುಕೊಂಡಿರುತ್ತೆ. ತುದಿ ಹಿಡಿದು ಎಳೆದರೆ ಇಡೀ ಬಟ್ಟೆ ಮತ್ತೆ ದಾರವಾಗಿಬಿಡುತ್ತೆ. ಈ ಒಂದು ಗುಣವನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಎರಡು ಕಡ್ಡಿಯ ಹೆಣಿಗೆಯ ಅತಿ ಹಳೆಯ ಮಾದರಿಗಳು ಸಿಕ್ಕಿರೋದು ಈಜಿಪ್ಟಿನಲ್ಲಿ. ಅವು ಉಣ್ಣೆಯವಲ್ಲ, ಹತ್ತಿಯವು! ನೀಲಿ ಮತ್ತು ಬಿಳಿ ನೂಲಿನ ಕಾಲುಚೀಲಗಳು, ಕೆಲವದರ ಮೇಲೆ ಅರಬ್ಬಿ ಅಕ್ಷರಗಳ ವಿನ್ಯಾಸ. ಒಣ ಮರಳಿನಲ್ಲಿ ಹೂತಿದ್ದರಿಂದ ಅವು ನಮಗೆ ಉಳಿದವು.

ಅಲ್ಲಿಂದ ಯುರೋಪಿಗೆ ಬಂದ್ರೆ, ಅತಿ ಹಳೆಯ ಹೆಣಿಗೆಗಳಲ್ಲಿ ಒಂದು ಎಲ್ಲಿ ಸಿಕ್ತು ಗೊತ್ತಾ? ಒಬ್ಬ ಹುಡುಗನ ಶವಪೆಟ್ಟಿಗೆಯಲ್ಲಿ. ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ಅರಸ ಹತ್ತನೇ ಅಲ್ಫಾನ್ಸೋ. ಅವನ ಹಿರಿಮಗ ಫರ್ನಾಂಡೋ ದೆ ಲಾ ಸೆರ್ದಾ, ಮುಂದೆ ಪಟ್ಟಕ್ಕೆ ಬರಬೇಕಾಗಿದ್ದವನು, 1275ರಲ್ಲಿ ಅಪ್ಪ ಬದುಕಿರುವಾಗಲೇ ತೀರಿಕೊಂಡ. ವಯಸ್ಸು ಇಪ್ಪತ್ತರ ಆಸುಪಾಸು. ಬುರ್ಗೋಸ್ ಊರಿನ ಲಾಸ್ ಹುಯೆಲ್ಗಾಸ್ ಮಠದಲ್ಲಿ ಅವನ ಗೋರಿ ಇದೆ. ಅದನ್ನ ತೆಗೆದಾಗ ರೇಷ್ಮೆಯಲ್ಲಿ ಹೆಣೆದ ದಿಂಬಿನ ಹೊದಿಕೆ ಸಿಕ್ಕಿತು. ಒಂದು ಅಂಗುಲಕ್ಕೆ ಸುಮಾರು 20 ಕುಣಿಕೆ! ಇವತ್ತು ಕೈಯಲ್ಲಿ ಹೆಣೆದ ದಪ್ಪ ಸ್ವೆಟರಿನಲ್ಲಿ ಅಂಗುಲಕ್ಕೆ ನಾಲ್ಕೈದು ಇದ್ದರೆ ಹೆಚ್ಚು. ಅಂಚಿನಲ್ಲಿ ಅರಬ್ಬಿ ಅಕ್ಷರಗಳಿವೆ. ಮುಸ್ಲಿಂ ಕಸುಬುದಾರರು ಒಬ್ಬ ಕ್ರೈಸ್ತ ರಾಜಕುಮಾರನಿಗೆ ಹೆಣೆದ ದಿಂಬು ಇದು ಅಂತ ವಿದ್ವಾಂಸರು ತಿಳೀತಾರೆ.

ಇನ್ನೊಂದು ಗೋರಿ ಇಟಲಿಯ ಫ್ಲಾರೆನ್ಸಿನದು. ಅಲ್ಲಿನ ಮೆದಿಚಿ ಮನೆತನದ ಎಲೆಯನೋರಾ 1562ರ ಡಿಸೆಂಬರಿನಲ್ಲಿ ಮಲೇರಿಯಾದಿಂದ ತೀರಿಕೊಂಡಾಗ, ಕೈಯಿಂದ ಹೆಣೆದ ಕಡುಗೆಂಪು ರೇಷ್ಮೆ ಕಾಲುಚೀಲಗಳನ್ನ ಹಾಕಿಯೇ ಮಣ್ಣು ಮಾಡಿದರು. ಅವು ಇವತ್ತಿಗೂ ಫ್ಲಾರೆನ್ಸಿನ ಮ್ಯೂಸಿಯಂನಲ್ಲಿವೆ.

ಬಟ್ಟೆ ಬೇಗ ಕೊಳೆಯುತ್ತೆ, ಸವೆಯುತ್ತೆ. ಹಾಗಾಗಿ ಗೋರಿಯಲ್ಲಿ ಇಟ್ಟದ್ದೇ ಉಳೀತು ಅನ್ನೋದು ಒಂದು ಕಾರಣ, ಒಪ್ಪೋಣ. ಆದ್ರೆ ಯಾರೋ ಆ ದಿಂಬನ್ನ ಒಳಗೆ ಇಟ್ಟರಲ್ಲ? ತೀರಿಹೋದವರ ತಲೆಗೆ ಮೆತ್ತಗಿರಲಿ, ಕಾಲು ಬೆಚ್ಚಗಿರಲಿ ಅಂತ. ಹೆಣಿಗೆ ಆಗ ಅಗೌರವದ ಗುರುತಾಗಿರಲಿಲ್ಲ. ಕೊನೆಗೆ ಕೊಡಬಹುದಾದ ಆರೈಕೆ ಅದಾಗಿತ್ತು.

ಮುಂದಾಗುವುದು ಗೊತ್ತಿರುವ ಕೋಣೆ

ಇನ್ನೊಂದು ಸಾಕ್ಷಿ ಚಿತ್ರಕಲೆಯದು. ಜರ್ಮನಿಯ ಹ್ಯಾಂಬರ್ಗ್ ಕಲಾಶಾಲೆಯಲ್ಲಿ ಬುಕ್ಸ್‌ಟೆಹೂಡ ಊರಿನಿಂದ ಬಂದ ಒಂದು ಪೂಜಾವೇದಿಕೆಯ ಚಿತ್ರಫಲಕಗಳಿವೆ. 1400ರ ಆಸುಪಾಸಿನವು, ಮಾಸ್ಟರ್ ಬೆರ್ಟ್ರಾಮ್ ಎಂಬ ಕಲಾವಿದನ ಕೆಲಸ. ಒಂದು ಫಲಕದಲ್ಲಿ ತಾಯಿ ಮೇರಿ ಕೂತು ದುಂಡಗೆ ಜೋಡಿಸಿದ ಕಡ್ಡಿಗಳಲ್ಲಿ ಒಂದು ಪುಟ್ಟ ಅಂಗಿ ಹೆಣೀತಾ ಇದ್ದಾಳೆ. ಕುತ್ತಿಗೆಯ ಭಾಗ ಮುಗಿಸ್ತಾ ಇದ್ದಾಳೆ. ಬಾಲಕ ಯೇಸು ಪುಸ್ತಕ ಇಟ್ಟುಕೊಂಡು ನೆಲದ ಮೇಲೆ ಒರಗಿದ್ದಾನೆ. ಅಷ್ಟರಲ್ಲಿ ದೇವದೂತರು ಬಂದಿದ್ದಾರೆ. ಅವರ ಕೈಯಲ್ಲಿ ಶಿಲುಬೆ ಇದೆ, ಈಟಿ ಇದೆ.

ಮುಂದೆ ಆ ಮಗುವಿಗೆ ಏನಾಗುತ್ತೆ ಅಂತ ಚಿತ್ರ ನೋಡುವವರಿಗೆಲ್ಲ ಗೊತ್ತು. ತಾಯಿ ಮಾತ್ರ ಕೆಲಸ ನಿಲ್ಲಿಸಿಲ್ಲ. ಅವಳು ತಡೆಯೋಕಾಗದ್ದನ್ನ ತಡೆಯಲ್ಲ. ಅಂಗಿ ಹೆಣೀತಾಳೆ. ಯೇಸುವಿನ ಆ ಹೊಲಿಗೆಯಿಲ್ಲದ ಅಂಗಿಗಾಗಿ ಶಿಲುಬೆಯ ಕೆಳಗೆ ಸೈನಿಕರು ಚೀಟಿ ಹಾಕಿದರು ಅಂತ ಬೈಬಲ್ ಕತೆ.

ಧರ್ಮ ಯಾವುದೇ ಇರಲಿ, ಆ ಚಿತ್ರದ ಕೋಣೆ ನಮಗೆ ಗೊತ್ತಿರೋದೇ. ರಿಪೋರ್ಟ್ ಬಂದಾಗಿದೆ. ಎಲ್ಲರಿಗೂ ವಿಷಯ ತಿಳಿದಿದೆ. ಯಾರೂ ಬಾಯಿಬಿಟ್ಟು ಹೇಳಲ್ಲ. ಅಂಥ ಕೋಣೆಯಲ್ಲಿ ಮಾಡೋಕೆ ಏನಿದೆ? ಗಂಜಿ ಕುಡಿಸೋದು, ಮಗ್ಗುಲು ಬದಲಿಸೋದು, ಕಾಲು ಒತ್ತೋದು. ಅದರ ನಡುವೆ ಉಳಿಯುವ ಉದ್ದನೆಯ ಖಾಲಿ ಹೊತ್ತು. ಆ ಖಾಲಿ ಹೊತ್ತಿಗೆ ಬೇಕಾದದ್ದನ್ನೇ ಮೇರಿಯ ಕೈ ಮಾಡ್ತಾ ಇದೆ.

ಕಾಲುಚೀಲದ ಲೆಕ್ಕ

ಐರ್ಲೆಂಡಿನ ನಾಟಕಕಾರ ಜೆ. ಎಂ. ಸಿಂಗ್ ಬರೆದ 'ರೈಡರ್ಸ್ ಟು ದ ಸೀ' 1904ರಲ್ಲಿ ಡಬ್ಲಿನ್‌ನಲ್ಲಿ ರಂಗಕ್ಕೆ ಬಂತು. ಅರಾನ್ ದ್ವೀಪದ ಮೀನುಗಾರರ ಮನೆ. ದೂರದ ಕಡಲತೀರದಲ್ಲಿ ಒಂದು ಶವ ಸಿಕ್ಕಿದೆ, ಬಟ್ಟೆ ಮಾತ್ರ ಮನೆಗೆ ಬಂದಿದೆ. ಅದು ಅಣ್ಣನದೋ ಅಲ್ಲವೋ? ತಂಗಿ ಆ ಕಾಲುಚೀಲ ಎತ್ತಿಕೊಂಡು ಕುಣಿಕೆ ಎಣಿಸ್ತಾಳೆ. ಎಷ್ಟು ಹಾಕಿದ್ದೆ, ಎಷ್ಟು ಬಿಟ್ಟಿದ್ದೆ ಅನ್ನೋದು ಅವಳಿಗೆ ನೆನಪಿದೆ. ಲೆಕ್ಕ ಸರಿಹೊಂದುತ್ತೆ. ಅಣ್ಣ ಹೋದ ಅಂತ ಅವಳಿಗೆ ತಿಳಿಯೋದು ಹೀಗೆ.

ಅರಾನ್ ಸ್ವೆಟರಿನ ವಿನ್ಯಾಸ ನೋಡಿ ಮುಳುಗಿದವರ ಮನೆತನ ಪತ್ತೆ ಹಚ್ಚುತ್ತಿದ್ದರು ಅಂತ ಪ್ರವಾಸಿಗರಿಗೆ ಮಾರುವ ಕತೆ ಒಂದಿದೆ. ಅದಕ್ಕೆ ಐತಿಹಾಸಿಕ ಆಧಾರ ಇಲ್ಲ. ಅದರ ಬೇರು ಬಹುಮಟ್ಟಿಗೆ ಈ ನಾಟಕದಲ್ಲಿದೆ. ಆದ್ರೆ ನಾಟಕ ಹಿಡಿದಿರೋ ಸತ್ಯ ದೊಡ್ಡದು. ಕೈಯಿಂದ ಹೆಣೆದದ್ದರಲ್ಲಿ ಹೆಣೆದವರ ಲೆಕ್ಕ, ಅವರ ಕೈಯ ಬಿಗಿ ಸೇರಿಕೊಂಡಿರುತ್ತೆ. ಅಂಗಡಿಯ ಸ್ವೆಟರ್ ಎಲ್ಲ ಒಂದೇ. ಅಜ್ಜಿ ಹೆಣೆದದ್ದನ್ನ ಮಾತ್ರ ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡೀಬಹುದು.

ಹೆಣಿಗೆ ಯಾವಾಗಲೂ ನೆಮ್ಮದಿ ಅಲ್ಲ

ಇಷ್ಟು ಕೇಳಿ ಹೆಣಿಗೆ ಅಂದ್ರೆ ಬರೀ ಸಮಾಧಾನ ಅಂದುಕೊಂಡರೆ ಅದು ಅರ್ಧ ಚರಿತ್ರೆ ಆಗುತ್ತೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೀತಾ ನಡೀತಾ ಹೆಣೀತಿದ್ದರು. ಅವರ ಹಳೇ ಫೋಟೊಗಳಿವೆ. ನೋಡೋಕೆ ಚಂದ. ಆದ್ರೆ ನಿಲ್ಲೋಕೆ ಪುರುಸೊತ್ತಿಲ್ಲದೆ ಹೆಣೀತಿದ್ದರು ಅವರು. ವ್ಯಾಪಾರಿಗಳು ದುಡ್ಡು ಕೊಡದೆ ಚಹಾಪುಡಿ, ಬಟ್ಟೆ ಕೊಟ್ಟು ಶಾಲು ತೊಗೊಳ್ತಿದ್ದರು. ಈ ಪದ್ಧತಿ ಎಷ್ಟು ಕೆಟ್ಟಿತ್ತು ಅಂದ್ರೆ 1872ರಲ್ಲಿ ಸರ್ಕಾರಿ ಆಯೋಗವೊಂದು ಅಲ್ಲಿಗೆ ಹೋಗಿ ಹೆಣೆಯುವವರ ಹೇಳಿಕೆ ಪಡೀಬೇಕಾಯ್ತು.

ಆಮೇಲೆ ಮೊದಲನೇ ಮಹಾಯುದ್ಧ. ಕಂದಕಗಳ ಕೆಸರು ನೀರಲ್ಲಿ ದಿನಗಟ್ಟಲೆ ನಿಂತ ಸೈನಿಕರ ಪಾದ ಕೊಳೀತಿತ್ತು. ಒಣ ಕಾಲುಚೀಲ ಅಂದ್ರೆ ಅಲ್ಲಿ ಔಷಧಿ ಇದ್ದ ಹಾಗೆ. 1914ರಲ್ಲಿ ಬ್ರಿಟನ್ನಿನ ರಾಣಿ ಮೇರಿ 3 ಲಕ್ಷ ಜೊತೆ ಕಾಲುಚೀಲ ಬೇಕು ಅಂತ ದೇಶದ ಹೆಂಗಸರಿಗೆ ಕರೆ ಕೊಟ್ಟಳು. ರೈಲಲ್ಲಿ, ಚರ್ಚಲ್ಲಿ, ಶಾಲೆಯಲ್ಲಿ ಎಲ್ಲರೂ ಹೆಣೆದರು. ಇದರಲ್ಲಿ ಪ್ರೀತಿಯೂ ಇತ್ತು, ಒತ್ತಡವೂ ಇತ್ತು. ಮಗನ ಸುದ್ದಿ ಬಾರದ ತಾಯಿಗೆ "ಅಳಬೇಡ, ಹೆಣಿ" ಅಂತ ಹೇಳಿದ ಹಾಗೂ ಆಯ್ತು. ದುಃಖವನ್ನ ಮಾತಾಡೋಕೆ ಬಿಡದೆ ಕಾಲುಚೀಲದ ಲೆಕ್ಕಕ್ಕೆ ಇಳಿಸಿದರೆ ಅದು ಸಮಾಧಾನ ಅಲ್ಲ, ಬಾಯಿ ಮುಚ್ಚಿಸೋದು.

ವ್ಯತ್ಯಾಸ ಇಲ್ಲಿದೆ. ಬೇರೆಯವರು ಕೈಗೆ ಕೊಟ್ಟ ಕೆಲಸ ಒಂದು, ನಮ್ಮ ಕೈ ತಾನೇ ಹುಡುಕಿಕೊಂಡ ಕೆಲಸ ಇನ್ನೊಂದು. ಹೊರಗಿನಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ.

ನಮ್ಮ ಕಡೆ ಏನಿತ್ತು?

ಕನ್ನಡ ನಾಡಿನಲ್ಲಿ ಉಣ್ಣೆ ಅಂದ್ರೆ ಹೆಣಿಗೆ ಅಲ್ಲ, ಕಂಬಳಿ. ಕುರುಬರು ಕುರಿ ಸಾಕಿ, ಉಣ್ಣೆ ಕತ್ತರಿಸಿ, ನೂತು, ಮಗ್ಗದಲ್ಲಿ ನೇಯ್ದ ಕರಿ ಕಂಬಳಿ. ಚಳ್ಳಕೆರೆ ಕಡೆಯ ಕಂಬಳಿ ಇವತ್ತಿಗೂ ಹೆಸರುವಾಸಿ. ಕಡ್ಡಿಯ ಹೆಣಿಗೆ ನಮ್ಮ ಮನೆಗಳಿಗೆ ಬಂದದ್ದು ತಡವಾಗಿ. 19ನೇ ಶತಮಾನದಿಂದ ಮಿಷನ್ ಶಾಲೆಗಳು ಹೆಣ್ಣುಮಕ್ಕಳಿಗೆ ಓದು–ಬರಹದ ಜೊತೆ ಸೂಜಿಕೆಲಸ ಕಲಿಸಿದವು. ಆಮೇಲೆ ಶಾಲೆಯ ಹೊಲಿಗೆ ಪೀರಿಯಡ್ಡು, ಪಕ್ಕದ ಮನೆಯ ಟೀಚರಮ್ಮ, ಹೀಗೆ ಒಬ್ಬರಿಂದ ಒಬ್ಬರಿಗೆ ಹರಡಿತು. ಹುಟ್ಟುವ ಮಗುವಿಗೆ ಕುಲಾವಿ, ಮನೆಯ ಹಿರಿಯರಿಗೆ ಮಫ್ಲರ್. ನಮ್ಮ ಹವೆಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ದಿಲ್ಲಿಗೆ ಹೋದ ಕನ್ನಡಿಗರ ಕತೆ ಬೇರೆ. ಅಲ್ಲಿನ ಜನವರಿ ಚಳಿಗೆ ಸ್ವೆಟರ್ ಇಲ್ಲದೆ ಆಗಲ್ಲ. 1970–80ರ ದಶಕದಲ್ಲಿ ಮಧ್ಯಾಹ್ನದ ಎಳೆಬಿಸಿಲಿಗೆ ಚಾಪೆ ಹಾಸಿಕೊಂಡು, ಕಚೇರಿಯ ಊಟದ ಹೊತ್ತಲ್ಲಿ, ಬಸ್ಸಲ್ಲಿ, ಎಲ್ಲೆಲ್ಲೂ ಹೆಂಗಸರ ಕೈಯಲ್ಲಿ ಕಡ್ಡಿ. ಹಿಂದಿ ಮಹಿಳಾ ಪತ್ರಿಕೆಗಳು ಚಳಿಗಾಲಕ್ಕೆ ಹೆಣಿಗೆಯ ವಿಶೇಷಾಂಕವನ್ನೇ ತರ್ತಿದ್ದವು. ನಮ್ಮ ಎಷ್ಟೋ ಅತ್ತೆಯರು, ದೊಡ್ಡಮ್ಮಂದಿರು ಹಿಂದಿ ಸರಿಯಾಗಿ ಬರುವ ಮುಂಚೆಯೇ 'ಸೀದಾ–ಉಲ್ಟಾ' ಕಲಿತದ್ದು ಹೀಗೆ. ಅದಕ್ಕೂ ಮುಂಚೆ, 1962ರ ಚೀನಾ ಯುದ್ಧದ ಚಳಿಯಲ್ಲಿ, ಹಿಮದಲ್ಲಿ ನಿಂತ ಜವಾನರಿಗಾಗಿ ದೇಶದ ಹೆಂಗಸರು ಸ್ವೆಟರ್, ಕಾಲುಚೀಲ ಹೆಣೆದು ಕಳಿಸಿದ್ದರು.

ಹೆಣಿಗೆ ಹೊಸದಾದರೂ ಅದರ ಹಿಂದಿನ ಅಭ್ಯಾಸ ನಮಗೆ ಹೊಸದಲ್ಲ. ನಿಮ್ಮ ಅಜ್ಜಿ ಬತ್ತಿ ಹೊಸೆಯೋದನ್ನ ನೋಡಿದೀರಲ್ಲ? ಕಾಲು ಚಾಚಿ, ಹತ್ತಿ ಎಳೆದು, ಅಂಗೈಗೆ ಸ್ವಲ್ಪ ವಿಭೂತಿ ಸವರಿಕೊಂಡು ಒಂದೊಂದೇ. ಲಕ್ಷಬತ್ತಿ ಹರಕೆ ಅಂದ್ರೆ ನಿಜವಾಗಿಯೂ ಒಂದು ಲಕ್ಷ ಎಣಿಸೋದು. ಗಂಡ ಹೋದ ಮೇಲೆ, ಮಕ್ಕಳು ಪರಊರು ಸೇರಿದ ಮೇಲೆ, ಎಷ್ಟು ಅಜ್ಜಿಯರು ಎಷ್ಟು ಮಧ್ಯಾಹ್ನಗಳನ್ನ ಬತ್ತಿಯಲ್ಲಿ ದಾಟಿಸಿದ್ದಾರೋ. ಅದನ್ನ ಯಾರೂ ಚಿಕಿತ್ಸೆ ಅಂತ ಕರೆಯಲಿಲ್ಲ.

ಇನ್ನು ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನ ಪದರ ಪದರ ಇಟ್ಟು ಸಾಲುಹೊಲಿಗೆ ಹಾಕಿ ಮಾಡುವ ಹೊದಿಕೆ. ಪುಣೆಯಲ್ಲಿರುವವರು 'ಗೋಧಡಿ' ಅಂತ ಕೇಳಿರ್ತೀರಿ, ಅದೇ ಕುಲದ್ದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಇದನ್ನೇ ತಮ್ಮ ರೀತಿಯಲ್ಲಿ 'ಕವಂದ್' ಅಂತ ಮಾಡ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ 'ಫುಲ' ಇಟ್ಟು ಮುಗಿಸ್ತಾರೆ. ತೀರಿಹೋದ ಅಜ್ಜಿಯ ಸೀರೆ ಕೌದಿಗೆ ಸೇರಿ, ಮುಂದೆ ಹುಟ್ಟಿದ ಮರಿಮಗು ಅದರ ಮೇಲೆ ಮಲಗೋದು ನಮ್ಮಲ್ಲಿ ಮಾಮೂಲಿ ಸಂಗತಿ. ಮ್ಯೂಸಿಯಂ ಇಲ್ಲದೆ ನೆನಪು ಉಳಿಸಿದ ರೀತಿ ಅದು.

ಪುಣೆಯ ಒಂದು ಸೀರೆ

ಪುಣೆಯಲ್ಲಿರುವ ಕೇಳುಗರು ಆಗಾಖಾನ್ ಅರಮನೆಯ ಮುಂದೆ ನೂರು ಸಲ ಓಡಾಡಿರ್ತೀರಿ, ನಗರ ರಸ್ತೆಯ ಟ್ರಾಫಿಕ್ಕಲ್ಲಿ. ಒಂದು ಭಾನುವಾರ ಒಳಗೆ ಹೋಗಿ ಬನ್ನಿ. 1942ರಲ್ಲಿ ಗಾಂಧೀಜಿ, ಕಸ್ತೂರಬಾ, ಮಹಾದೇವ ದೇಸಾಯಿ ಮೊದಲಾದವರನ್ನ ಬ್ರಿಟಿಷರು ಬಂಧನದಲ್ಲಿಟ್ಟದ್ದು ಅಲ್ಲಿ. ಮಹಾದೇವ ದೇಸಾಯಿ 1942ರ ಆಗಸ್ಟ್ 15ರಂದು ಅಲ್ಲೇ ತೀರಿಕೊಂಡರು. ಕಸ್ತೂರಬಾ ತಿಂಗಳುಗಟ್ಟಲೆ ಕಾಯಿಲೆ ಅನುಭವಿಸಿ 1944ರ ಫೆಬ್ರವರಿ 22ರಂದು ಹೋದರು. ಇಬ್ಬರ ಸಮಾಧಿಗಳೂ ಆ ತೋಟದಲ್ಲೇ ಇವೆ.

ಕಸ್ತೂರಬಾ ಅವರ ದೇಹಕ್ಕೆ ಉಡಿಸಿದ್ದು ಗಾಂಧೀಜಿ ತಾವೇ ನೂತ ನೂಲಿನಿಂದ ನೇಯ್ದ ಸೀರೆ. ನೂಲುವುದು ಅಂದ ಕೂಡಲೇ ನಾವು ಸ್ವದೇಶಿ, ಖಾದಿ, ಚಳವಳಿ ಅಂತ ಪರೀಕ್ಷೆಯ ಉತ್ತರ ಬರೀತೀವಿ. ಅದೆಲ್ಲ ಸರಿ. ಆದ್ರೆ ಜೈಲಿನ ಒಬ್ಬ ಮುದುಕ ದಿನಾ ಕೂತು ಎಳೆದ ಎಳೆ, 60 ವರ್ಷ ಜೊತೆಗಿದ್ದ ಹೆಂಡತಿಯ ಕೊನೆಯ ಸೀರೆ ಆಯ್ತು ಅನ್ನೋದು ಬೇರೆಯೇ ಒಂದು ಚರಿತ್ರೆ. ಇಲ್ಲಿ ಹೆಣಿಗೆ ಇಲ್ಲ, ಚರಕ ಇದೆ. ಆದ್ರೆ ಸ್ಪೇನಿನ ಆ ದಿಂಬು, ಈ ಸೀರೆ ಎರಡೂ ಒಂದೇ ಮಾತು ಹೇಳ್ತವೆ.

ಆಸ್ಪತ್ರೆಯ ಕುರ್ಚಿ

20ನೇ ಶತಮಾನದಲ್ಲಿ ವೈದ್ಯರೂ ಇದನ್ನ ಗಮನಿಸೋಕೆ ಶುರು ಮಾಡಿದರು. 1917ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿ ಕೆಲವರು ಸೇರಿ ಕೈಕೆಲಸದ ಮೂಲಕ ಚಿಕಿತ್ಸೆ ಕೊಡುವ ವೃತ್ತಿಗೆ ಒಂದು ಸಂಘ ಕಟ್ಟಿದರು. ಅದೇ ಇವತ್ತಿನ ಆಕ್ಯುಪೇಷನಲ್ ಥೆರಪಿ. ಯುದ್ಧದಿಂದ ಮನಸ್ಸು ಮುರಿದು ಬಂದವರಿಗೆ ಬುಟ್ಟಿ ಹೆಣೆಯೋದು, ನೇಯೋದು, ಉಲ್ಲನ್ ಕೆಲಸ ಕೊಡ್ತಿದ್ದರು. ತೀರಾ ಈಚೆಗೆ, 2013ರಲ್ಲಿ, ಬ್ರಿಟನ್ನಿನ ಜಿಲ್ ರೈಲಿ, ಬೆಟ್ಸನ್ ಕಾರ್ಕಿಲ್ ಮತ್ತು ಕ್ಲೇರ್ ಮಾರಿಸ್ 31 ದೇಶಗಳ 3,545 ಹೆಣಿಗೆಗಾರರ ಸಮೀಕ್ಷೆ ಪ್ರಕಟಿಸಿದರು. ಹೆಚ್ಚು ಸಲ ಹೆಣೆಯುವವರು ಮನಸ್ಸು ಹೆಚ್ಚು ಶಾಂತವಾಗಿರುತ್ತೆ ಅಂತ ಹೇಳಿಕೊಂಡಿದ್ದರು. ಇದು ಹೆಣೆಯುವವರೇ ಹೇಳಿದ್ದು, ರಕ್ತಪರೀಕ್ಷೆ ಮಾಡಿ ಕಂಡದ್ದಲ್ಲ. ಅಷ್ಟು ಎಚ್ಚರ ಇಟ್ಟುಕೊಂಡೇ ತೊಗೊಳ್ಳಿ.

ಯಾಕೆ ಹಾಗೆ? ನನಗೆ ಅನ್ನಿಸೋದು ಇಷ್ಟು. ಕಾಯಿಲೆಯ ಕೋಣೆಯಲ್ಲಿ ಯಾವುದೂ ಮುಂದಕ್ಕೆ ಹೋಗಲ್ಲ, ಹೆಣಿಗೆ ಮಾತ್ರ ಸಾಲು ಸಾಲಾಗಿ ಬೆಳೆಯುತ್ತೆ. ಅಲ್ಲಿ ಯಾವುದನ್ನೂ ಹಿಂದಕ್ಕೆ ತಿರುಗಿಸೋಕಾಗಲ್ಲ, ಹೆಣಿಗೆಯನ್ನ ಬಿಚ್ಚಿ ಮತ್ತೆ ಹಾಕಬಹುದು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ ರೋಲ್‌ಬ್ಯಾಕ್ ಇರೋದು ಅದಕ್ಕೆ ಮಾತ್ರ. ಶಬ್ದ ಇಲ್ಲ, ಬೆಳಕು ಹೆಚ್ಚು ಬೇಡ. ಕಣ್ಣು ಎತ್ತಿದ ಕೂಡಲೇ ಅವರ ಮುಖ ಕಾಣುತ್ತೆ, ಕರೆದ ಕೂಡಲೇ ಸಾಲಿನ ನಡುವೆಯೇ ಬಿಟ್ಟು ಏಳಬಹುದು. ಮೊಬೈಲ್ ನಮ್ಮನ್ನ ಆ ಕೋಣೆಯಿಂದ ಹೊರಗೆ ಒಯ್ಯುತ್ತೆ. ಹೆಣಿಗೆ ಅಲ್ಲೇ ಕೂರಿಸುತ್ತೆ.

ನನ್ನ ಅಜ್ಜಿ ಧಾರವಾಡದಲ್ಲಿ ಮಲಗಿದ್ದಾಗ ನಾನು ಶುಕ್ರವಾರ ರಾತ್ರಿ ಪುಣೆಯಿಂದ ಹೊರಟು ಭಾನುವಾರ ರಾತ್ರಿ ವಾಪಸ್ ಬರ್ತಿದ್ದೆ. ಚಿಕ್ಕಮ್ಮ ಕಲಿಸಿಕೊಟ್ಟ ಒಂದೇ ಹೆಣಿಗೆಯಲ್ಲಿ ಒಂದು ಮಫ್ಲರ್ ಶುರು ಮಾಡಿದ್ದೆ. ಅಜ್ಜಿಗೆ ಆಗ ಕಣ್ಣು ಅಷ್ಟು ಕಾಣ್ತಿರಲಿಲ್ಲ. ಉಂಡೆಯನ್ನ ಕೈಯಲ್ಲಿ ಹಿಡಿದು, ದಾರ ಎಳೆದ ಹಾಗೆ ಅದು ತಿರುಗೋದನ್ನ ಅನುಭವಿಸ್ತಾ ಇರ್ತಿದ್ದರು.

"ಯಾರಿಗಿದು?" ಅಂದ್ರು ಒಂದು ದಿನ.

"ನಿನಗ, ಅಜ್ಜಿ."

"ಈ ಬ್ಯಾಸಿಗ್ಯಾಗ?" ಅಂತ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇದು ಮುಗಿಯೂತನಕಾ ಇರ್ಬೇಕೇನು ನಾ?"

ನಾನು ಏನೂ ಹೇಳಲಿಲ್ಲ. ಅವರೂ ಉತ್ತರ ಕೇಳಲಿಲ್ಲ. ಉಂಡೆ ಮಾತ್ರ ಬಿಡಲಿಲ್ಲ. ಮೂರು ವಾರಕ್ಕೆ ಹೋದರು. ಮುಂದಿನ ತಿಂಗಳು ಪುಣೆಯ ರೂಮಿನಲ್ಲಿ ಕೂತು ಆ ಮಫ್ಲರ್ ಮುಗಿಸಿದೆ. ಬೇರೆಯವರೆದುರು ಆಡಲಾಗದ ಎಷ್ಟೋ ಮಾತು ಆ ಉಳಿದ ಸಾಲುಗಳಲ್ಲಿ ಹೋಯ್ತು.

ಬಹುಶಃ ಇದಕ್ಕೇ ಇರಬೇಕು, ಬ್ರಿಟನ್, ಆಸ್ಟ್ರೇಲಿಯಾದ ಎಷ್ಟೋ ಆಸ್ಪತ್ರೆಗಳಲ್ಲಿ ಮರೆವಿನ ಕಾಯಿಲೆಯ ಹಿರಿಯರಿಗೆ ಹೆಣೆದ ಕೈಗವುಸಿನಂಥ ಒಂದು ಚೀಲ ಕೊಡ್ತಾರೆ. ಒಳಗೆ–ಹೊರಗೆ ಗುಂಡಿ, ರಿಬ್ಬನ್ ಹೊಲಿದಿರ್ತಾರೆ. ಚಡಪಡಿಸುವ ಬೆರಳುಗಳಿಗೆ ಏನಾದರೂ ಸಿಗಲಿ ಅಂತ. ಮನೆಯಲ್ಲೇ ಮಾಡಬಹುದಾದದ್ದು. ಗುಂಡಿ ಮಾತ್ರ ಕಿತ್ತು ಬಾಯಿಗೆ ಹೋಗದ ಹಾಗೆ ಗಟ್ಟಿಯಾಗಿ ಹೊಲೀಬೇಕು.

"ವಯಸ್ಸಾಗಿತ್ತು ಬಿಡಿ"

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಅಜ್ಜ–ಅಜ್ಜಿ ಹೋದಾಗ ನಮಗೆ ಸಿಗುವ ಸಾಂತ್ವನ ಒಂದೇ ಸಾಲಿನದು: "ವಯಸ್ಸಾಗಿತ್ತು ಬಿಡಿ, ಒಳ್ಳೇ ಸಾವು." ಹೇಳುವವರ ಮನಸ್ಸು ಒಳ್ಳೆಯದೇ. ಆದ್ರೆ ಅಷ್ಟರಲ್ಲಿ ದುಃಖಪಡುವ ಹಕ್ಕೇ ಮುಗಿದುಹೋಗುತ್ತೆ. ಎಷ್ಟೋ ಕಂಪನಿಗಳ ರಜೆ ನಿಯಮದಲ್ಲಿ 'ಹತ್ತಿರದ ಕುಟುಂಬ' ಅಂದ್ರೆ ಗಂಡ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ. ಅಜ್ಜಿ ಆ ಪಟ್ಟಿಯಲ್ಲಿಲ್ಲ. ಅಪ್ಪ–ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವಾಗ ನಮ್ಮನ್ನ ಎತ್ತಿ ಆಡಿಸಿದವರು, ತುತ್ತು ಕೊಟ್ಟವರು ಅವರೇ ಆಗಿದ್ದರೂ ಇಲ್ಲ.

ನಮ್ಮ ಹಿರಿಯರು ಸೂತಕ, ಹತ್ತು ದಿನ, ಹದಿಮೂರು ದಿನ ಅಂತ ಲೆಕ್ಕ ಇಟ್ಟಿದ್ದರು. ಅದರಲ್ಲಿ ಮಡಿ–ಮೈಲಿಗೆಯ ಮಾತುಗಳಿವೆ, ಅವನ್ನ ಪ್ರಶ್ನಿಸೋಣ. ಆದ್ರೆ ದುಃಖಕ್ಕೆ ದಿನ ಬೇಕು, ಆ ದಿನಗಳಲ್ಲಿ ಕೈಗೆ ಕೆಲಸ ಬೇಕು ಅನ್ನೋದು ಅವರಿಗೆ ತಿಳಿದಿತ್ತು. ಪಿಂಡ ಕಟ್ಟೋದು, ಎಳ್ಳು–ನೀರು ಬಿಡೋದು, ಬಂದವರಿಗೆ ಅಡುಗೆ ಮಾಡೋದು. ಇವತ್ತು ಎರಡನೇ ದಿನ ಫ್ಲೈಟ್ ಹತ್ತಿ, ಮೂರನೇ ದಿನ ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡುವ ನಮಗೆ ಆ ದಿನಗಳೂ ಇಲ್ಲ, ಆ ಕೆಲಸವೂ ಇಲ್ಲ.

ಹೆಣಿಗೆ ಆ ಜಾಗಕ್ಕೆ ಬರಬಹುದಾದ ಒಂದು ಸಣ್ಣ ಕೆಲಸ. ಹೆಂಗಸರಿಗೆ ಮಾತ್ರ ಅಂತಲೂ ಇಲ್ಲ. ಯುರೋಪಿನಲ್ಲಿ ಶತಮಾನಗಟ್ಟಲೆ ಹೆಣಿಗೆಯ ಕಸುಬುದಾರ ಸಂಘಗಳನ್ನ ನಡೆಸಿದವರು ಗಂಡಸರೇ. ಒಂದು ಜೊತೆ ದಪ್ಪ ಕಡ್ಡಿ, ಒಂದು ಉಂಡೆ, ಒಂದೇ ಥರದ ಕುಣಿಕೆ ಗೊತ್ತಿದ್ದರೆ ಸಾಕು. ಚೆನ್ನಾಗಿ ಬರಬೇಕಂತಿಲ್ಲ. ನಿಮಗೆ ಹೆಣಿಗೆ ಒಲ್ಲದಿದ್ದರೆ ಬತ್ತಿ ಹೊಸೆಯಿರಿ, ಕೌದಿಗೆ ತುಂಡು ಜೋಡಿಸಿ, ಅವರೆಕಾಯಿ ಸುಲಿಯಿರಿ. ಕೈ ಅಲ್ಲಿರಲಿ, ನೀವೂ ಅಲ್ಲಿರಿ.

ಇನ್ನು ಬಾಗಿಲ ಹತ್ತಿರ ನಿಂತ ಆ ನೆಂಟರಿಗೆ ಏನು ಹೇಳೋದು? ವಾದ ಮಾಡೋದು ಬೇಡ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಉಂಡೆ ಅವರ ಕೈಗೆ ಕೊಡಿ. "ಸ್ವಲ್ಪ ಹಿಡ್ಕೊಳ್ತೀರಾ, ದಾರ ಸಿಕ್ಕಾಗ್ತಿದೆ" ಅನ್ನಿ. ಹತ್ತು ನಿಮಿಷ ಅಜ್ಜಿಯ ಪಕ್ಕ ಅವರೂ ಕೂತಿರ್ತಾರೆ.

ಮುಂದಿನ ವಾರ ಸಿಗೋಣ. ಅಷ್ಟರಲ್ಲಿ ಊರಿಗೆ ಒಂದು ಫೋನ್ ಮಾಡಿ. ಅಜ್ಜಿ ಮಲಗಿದ್ದರೆ ಎಬ್ಬಿಸಬೇಡಿ. ಎದ್ದಿದ್ದರೆ, ಚಿಕ್ಕವರಿದ್ದಾಗ ಏನು ಹೊಲೀತಿದ್ದರು, ಏನು ಹೆಣೀತಿದ್ದರು, ಯಾರು ಕಲಿಸಿದರು ಅಂತ ಕೇಳಿ. ಕೇಳಿದ್ದನ್ನ ಬರೆದಿಟ್ಟುಕೊಳ್ಳಿ.